ಐವರ ಪಕ್ಕ ಕೂರುವುದೋ, ಐನೂರು ಮಂದಿಗೆ ಪ್ರಶ್ನಾವಳಿ ಕಳುಹಿಸುವುದೋ: ಮುಂಬೈಯ ಸಣ್ಣ ತಂಡಗಳಿಗೆ ಯುಎಕ್ಸ್ ಸಂಶೋಧನಾ ವಿಧಾನಗಳ ಹೋಲಿಕೆ

ಮುಂಬೈಯ ಕನ್ನಡಿಗರು ನಡೆಸುವ ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಹೋಟೆಲು, ವಿದ್ಯಾರ್ಥಿವೇತನ ಕೊಡುವ ಸಮುದಾಯ ಸಂಘಟನೆ, ಹೀಗೆ ಹಿಂದೆ ಕೌಂಟರಿನಲ್ಲಿ ಮುಗಿಯುತ್ತಿದ್ದ ಎಷ್ಟೋ ವ್ಯವಹಾರಗಳು ಈಗ ಮೊಬೈಲ್ ಆ್ಯಪಿಗೆ ಬಂದಿವೆ. ಆ್ಯಪ್ ಮಾಡಿಸಲು ಆಡಳಿತ ಮಂಡಳಿಗಳು ಹಣ ತೆಗೆದಿಡುತ್ತವೆ. ಅದನ್ನು ಬಳಸುವವರು ಹೇಗೆ ಬಳಸುತ್ತಾರೆ ಎಂದು ತಿಳಿಯುವ ಕೆಲಸಕ್ಕೆ, ಅಂದರೆ ಯುಎಕ್ಸ್ (ಬಳಕೆದಾರರ ಅನುಭವ) ಸಂಶೋಧನೆಗೆ, ತೆಗೆದಿಡುವುದು ಮಾತ್ರ ಬಹಳ ಕಡಿಮೆ. ಆ ಕಡಿಮೆ ಹಣದಲ್ಲಿ ಒಂದೋ ಎರಡೋ ವಿಧಾನಗಳಿಗಷ್ಟೇ ಅವಕಾಶ ಇರುವುದರಿಂದ, ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬಹುದು ಎಂಬ ತೀರ್ಮಾನ ಸುಲಭವಲ್ಲ. ಇಂಥ ತಂಡಗಳಲ್ಲಿ ದುಡಿಯುವ ವಿನ್ಯಾಸಕರಿಗೂ ಅವರಿಗೆ ಕೆಲಸ ವಹಿಸುವ ಕಾರ್ಯದರ್ಶಿಗಳಿಗೂ ಆ ತೀರ್ಮಾನದಲ್ಲಿ ನೆರವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ.

ಹೋಲಿಕೆಗೆ ಒಂದೇ ನೆಲೆ ಇರಲೆಂದು ಒಂದು ಪತ್ತಿನ ಸಹಕಾರಿ ಸಂಘವನ್ನು ಕಲ್ಪಿಸಿಕೊಳ್ಳೋಣ. ಕಚೇರಿ ಫೋರ್ಟಿನಲ್ಲಿದೆ, ಸದಸ್ಯರು ಡೊಂಬಿವಲಿ, ಮೀರಾ ರೋಡ್, ನವಿ ಮುಂಬೈಗಳಲ್ಲಿ ಹರಡಿದ್ದಾರೆ. ಅವರಲ್ಲಿ ಹೋಟೆಲ್ ಮಾಲೀಕರಿದ್ದಾರೆ, ಅದೇ ಹೋಟೆಲುಗಳಲ್ಲಿ ದುಡಿಯುವವರಿದ್ದಾರೆ, ನಿವೃತ್ತರಿದ್ದಾರೆ, ಇಲ್ಲಿಯೇ ಹುಟ್ಟಿ ಬೆಳೆದ ಅವರ ಮಕ್ಕಳಿದ್ದಾರೆ. ಚಿತ್ರಾಪುರ ಸಾರಸ್ವತರು 1906ರಲ್ಲಿ ಈ ನಗರದಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಆರಂಭಿಸಿದ ಕಾಲದಿಂದ ಇಂಥ ಸಂಸ್ಥೆಗಳ ಬಂಡವಾಳವೆಂದರೆ ಸದಸ್ಯರ ಮುಖಪರಿಚಯ. ನಮ್ಮ ಕಾಲ್ಪನಿಕ ಸಂಘದ ಹೊಸ ಆ್ಯಪಿನಲ್ಲಿ ಸಾಲದ ಅರ್ಜಿಯನ್ನು ಬಹಳ ಮಂದಿ ಆರಂಭಿಸುತ್ತಾರೆ, ಅರ್ಧಕ್ಕೆ ಕೈಬಿಟ್ಟು ಕಚೇರಿಗೇ ಬರುತ್ತಾರೆ. ಕಾರಣ ಏನೆಂದು ತಿಳಿಯಬೇಕಾಗಿದೆ.

ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 9241ರ 11ನೆಯ ಭಾಗವು ಬಳಕೆಯೋಗ್ಯತೆಯನ್ನು ವಿವರಿಸುವಾಗ ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಗುರಿ, ನಿರ್ದಿಷ್ಟ ಬಳಕೆಯ ಸಂದರ್ಭ ಎಂಬ ಮೂರನ್ನೂ ಸೇರಿಸಿಯೇ ಹೇಳುತ್ತದೆ. ಈ ಮೂರನ್ನು ಬಿಟ್ಟು 'ಆ್ಯಪ್ ಚೆನ್ನಾಗಿದೆಯೇ' ಎಂದು ಕೇಳಿದರೆ ಯಾವ ವಿಧಾನವೂ ಉತ್ತರ ಕೊಡಲಾರದು. ಎಷ್ಟು ಮಂದಿ, ಯಾವ ಪುಟದಲ್ಲಿ ಎಂಬ ಪ್ರಶ್ನೆಗೆ ಅಂಕಿಅಂಶ ಬೇಕು. ಏಕೆ ಎಂಬ ಪ್ರಶ್ನೆಗೆ ಜನರನ್ನು ನೋಡಬೇಕು. ಎರಡು ಪರಿಹಾರಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಎರಡನ್ನೂ ಜನರ ಮುಂದಿಟ್ಟು ಅಳೆಯಬೇಕು. ತಂಡಗಳು ಎಡವುವುದು ಹೆಚ್ಚಾಗಿ ಎರಡನೆಯ ಬಗೆಯ ಪ್ರಶ್ನೆಯನ್ನು ಮೊದಲನೆಯ ಬಗೆಯ ಸಾಧನದಿಂದ ಬಿಡಿಸಲು ಹೊರಟಾಗ.

ಪಕ್ಕ ಕೂತು ನೋಡುವ ವಿಧಾನ

ಬಳಕೆದಾರರೊಬ್ಬರ ಕೈಗೆ ಒಂದು ಕೆಲಸ ಕೊಟ್ಟು, ಅವರು ಅದನ್ನು ಮಾಡುವಾಗ ಪಕ್ಕದಲ್ಲಿ ಕೂತು, ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುವಂತೆ ಕೇಳಿಕೊಂಡು ಗಮನಿಸುವುದು ಯೂಸಬಿಲಿಟಿ ಟೆಸ್ಟ್. ಇದರ ವಿರುದ್ಧ ಆಡಳಿತ ಮಂಡಳಿಯ ಸಭೆಯಲ್ಲಿ ಮೊದಲು ಏಳುವ ಆಕ್ಷೇಪ ಒಂದೇ: ಸಾವಿರಾರು ಸದಸ್ಯರಿರುವಾಗ ಐವರನ್ನು ನೋಡಿದರೆ ಏನು ತಿಳಿದೀತು? ಈ ಐದರ ಲೆಕ್ಕಕ್ಕೆ ಒಂದು ಆಧಾರವಿದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಪ್ರಕಟಿಸಿದ ಮಾದರಿಯ ಪ್ರಕಾರ, ಒಂದು ತೊಡಕು ಒಬ್ಬ ಬಳಕೆದಾರನ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಸರಾಸರಿ ಶೇ. 31 ಎಂದಾದರೆ, ಐವರ ಪರೀಕ್ಷೆಯಲ್ಲಿ ಅಂಥ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಹೊರಬರುತ್ತವೆ. ಇಲ್ಲಿ 'ಶೇ. 31 ಎಂದಾದರೆ' ಎಂಬ ಷರತ್ತನ್ನೇ ಬಹುತೇಕರು ಮರೆಯುತ್ತಾರೆ. ನೂರರಲ್ಲಿ ಹತ್ತು ಮಂದಿಗೆ ಮಾತ್ರ ಎದುರಾಗುವ ತೊಡಕು ಐವರಲ್ಲಿ ಒಬ್ಬರಿಗಾದರೂ ಎದುರಾಗುವ ಸಾಧ್ಯತೆ ಅದೇ ಲೆಕ್ಕದಲ್ಲಿ ಶೇ. 41, ಅದನ್ನು ಶೇ. 90ಕ್ಕೆ ಏರಿಸಬೇಕಾದರೆ 22 ಮಂದಿ ಬೇಕು. ಹಾಗಾಗಿ ಐದು ಎಂಬುದು ಎಲ್ಲರಿಗೂ ತಟ್ಟುವ ದೊಡ್ಡ ತೊಡಕುಗಳನ್ನು ಹಿಡಿಯುವುದಕ್ಕೆ ಸಾಕು, ಅಪರೂಪದ ಆದರೆ ಹಣ ಕಳೆಯುವಂಥ ತೊಡಕುಗಳಿಗೆ ಸಾಲದು. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಬಳಕೆಯ ರೀತಿ ಬೇರೆಬೇರೆಯಾಗಿರುವ ಗುಂಪುಗಳಿದ್ದರೆ ಐವರನ್ನು ಒಟ್ಟಿನಲ್ಲಿ ಆರಿಸಿದರೆ ಆಗದು, ಗುಂಪಿಗೆ ಇಷ್ಟೆಂದು ಆರಿಸಬೇಕು. ನಮ್ಮ ಸಂಘದಲ್ಲಿ ನಿವೃತ್ತರನ್ನು ನೋಡಿ ಹೋಟೆಲ್ ಕಾರ್ಮಿಕರ ಬಗ್ಗೆ ತೀರ್ಮಾನಿಸುವಂತಿಲ್ಲ.

ಪಕ್ಕ ಕೂರುವುದರಲ್ಲೂ ಎರಡು ಆಯ್ಕೆಗಳಿವೆ. ಸದಸ್ಯರನ್ನು ಕಚೇರಿಗೆ ಕರೆಸಿ, ತಂಡದ ಫೋನನ್ನು ಕೈಗೆ ಕೊಟ್ಟು ನೋಡಬಹುದು. ಇಲ್ಲವೇ ಅವರಿರುವಲ್ಲಿಗೇ ಹೋಗಿ, ಅವರದೇ ಫೋನಿನಲ್ಲಿ, ಅವರದೇ ಕೆಲಸದ ನಡುವೆ ನೋಡಬಹುದು. ಎರಡನೆಯದನ್ನು ಹ್ಯೂ ಬೇಯರ್ ಮತ್ತು ಕ್ಯಾರನ್ ಹೋಲ್ಟ್ಸ್‌ಬ್ಲಾಟ್ ಎಂಬವರು ವ್ಯವಸ್ಥಿತ ವಿಧಾನವಾಗಿ ರೂಪಿಸಿದರು; ಅಲ್ಲಿ ಸಂಶೋಧಕ ಶಿಷ್ಯ, ಬಳಕೆದಾರ ಗುರು. ಮೊದಲನೆಯದು ಅಗ್ಗ, ಒಂದೇ ದಿನದಲ್ಲಿ ಐವರನ್ನು ಮುಗಿಸಬಹುದು, ಒಬ್ಬರನ್ನೊಬ್ಬರೊಡನೆ ಹೋಲಿಸುವುದೂ ಸುಲಭ. ಎರಡನೆಯದಕ್ಕೆ ಇಡೀ ದಿನ ಲೋಕಲ್ ರೈಲಿನಲ್ಲಿ ಓಡಾಡಬೇಕು. ಆದರೂ ಮುಂಬೈಯ ಮಟ್ಟಿಗೆ ನಾನು ಎರಡನೆಯದರ ಪರ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಸಾಲದ ಅರ್ಜಿಗೆ ಒಟಿಪಿ ಬೇಕು. ಹಿರಿಯ ಸದಸ್ಯರ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಎಷ್ಟೋ ಸಲ ಮಗನದೋ ಸೊಸೆಯದೋ ಆಗಿರುತ್ತದೆ. ಅಂದರೆ ಅರ್ಜಿಯ ಅರ್ಧ ಭಾಗ ಡೊಂಬಿವಲಿಯ ಮನೆಯಲ್ಲಿ ನಡೆದರೆ, ಒಟಿಪಿ ಬಂದು ಬೀಳುವುದು ಅಂಧೇರಿಯ ಯಾವುದೋ ಕಚೇರಿಯಲ್ಲಿ ಮೀಟಿಂಗಿನಲ್ಲಿರುವ ಮಗನ ಫೋನಿಗೆ. ಅವನು ನೋಡಿ ತಿರುಗಿ ಫೋನು ಮಾಡುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸರ್ವರಿನ ದಾಖಲೆಯಲ್ಲಿ ಇದು 'ಬಳಕೆದಾರರು ಒಟಿಪಿ ಪುಟದಲ್ಲಿ ಹೊರನಡೆದರು' ಎಂದಷ್ಟೇ ಕಾಣುತ್ತದೆ. ಸಮೀಕ್ಷೆ ಕಳುಹಿಸಿದರೆ ಅದಕ್ಕೆ ಉತ್ತರಿಸುವವನೂ ಆ ಮಗನೇ, ಅವನಿಗೆ ಆ್ಯಪಿನ ಬಗ್ಗೆ ದೂರೇ ಇಲ್ಲ. ಸದಸ್ಯರನ್ನು ಕಚೇರಿಗೆ ಕರೆಸಿ ತಂಡದ ಫೋನನ್ನೂ ಅದಕ್ಕೆ ಜೋಡಿಸಿದ ಪರೀಕ್ಷೆಯ ಖಾತೆಯನ್ನೂ ಕೊಟ್ಟರೆ ಒಟಿಪಿ ಆ ಫೋನಿಗೇ ಬರುವುದರಿಂದ ತೊಡಕು ಹುಟ್ಟುವುದೇ ಇಲ್ಲ. ಮನೆಯಲ್ಲಿ ಪಕ್ಕ ಕೂತವರಿಗೆ ಮಾತ್ರ, ಇಲ್ಲಿ ಬಳಕೆದಾರ ಒಬ್ಬರಲ್ಲ, ಇಬ್ಬರು ಎಂಬುದು ಗೊತ್ತಾಗುತ್ತದೆ. ಹೋಟೆಲ್ ಕಾರ್ಮಿಕರ ವಿಷಯದಲ್ಲಿ ಇದೇ ಬೇರೆ ರೂಪದಲ್ಲಿ ಕಾಣುತ್ತದೆ: ಒಂದೇ ಕೋಣೆಯಲ್ಲಿ ಹಲವರು ಇರುವಲ್ಲಿ, ಓದು ಚೆನ್ನಾಗಿ ಬಲ್ಲ ಒಬ್ಬ ಉಳಿದವರ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಾನೆ, ಅವನ ಕೈವಾಡವನ್ನು ಯಾವ ಅಂಕಿಅಂಶವೂ ತೋರಿಸುವುದಿಲ್ಲ.

ಸಂದರ್ಭದ ಮಹತ್ವಕ್ಕೆ ಈ ನಗರದ ಎಲ್ಲರಿಗೂ ಪರಿಚಿತವಾದ ಉದಾಹರಣೆ ಉಪನಗರ ರೈಲಿನ ಯುಟಿಎಸ್ ಆ್ಯಪ್. ಕಾಗದರಹಿತ ಟಿಕೆಟನ್ನು ಹಳಿಯಿಂದ ಒಂದಷ್ಟು ದೂರದಲ್ಲಿದ್ದಾಗ ಮಾತ್ರ ತೆಗೆಯಬಹುದೆಂಬ ನಿಯಮ ಅದರಲ್ಲಿತ್ತು. ಟಿಕೆಟಿಲ್ಲದೆ ರೈಲು ಹತ್ತಿ, ತಪಾಸಣೆಯವರು ಕಂಡಾಗ ಟಿಕೆಟ್ ತೆಗೆಯುವುದನ್ನು ತಡೆಯಲು ಅದು ಬೇಕೇ ಬೇಕು. ಆದರೆ ಹಳಿಗೆ ಅಂಟಿಕೊಂಡಂತೆ ಕಟ್ಟಡಗಳಿರುವ, ಜಿಪಿಎಸ್ ಅತ್ತಿತ್ತ ವಾಲುವ ನಗರದಲ್ಲಿ ಆ ನಿಯಮ ಪ್ರಯಾಣಿಕನಿಗೆ ಹೇಗೆ ತಟ್ಟುತ್ತದೆ ಎಂಬುದು ನಿಲ್ದಾಣದ ಮೆಟ್ಟಿಲ ಬಳಿ ನಿಂತು ನೋಡಿದವರಿಗಷ್ಟೇ ತಿಳಿಯುವಂಥದು.

ಮಾತಿನ ಭಾಷೆ, ಓದಿನ ಭಾಷೆ

ಮುಂಬೈಯ ಕನ್ನಡಿಗರೆಂದು ನಾವು ಒಟ್ಟಾಗಿ ಕರೆಯುವವರಲ್ಲಿ ಕರಾವಳಿಯಿಂದ ಬಂದವರು ಬಹಳ. ಅವರಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ, ಓದಿದ್ದು ಕನ್ನಡ, ವ್ಯವಹಾರ ಹಿಂದಿ–ಮರಾಠಿಗಳಲ್ಲಿ. ಇಲ್ಲಿಯೇ ಶಾಲೆಗೆ ಹೋದ ಮುಂದಿನ ತಲೆಮಾರಿನ ಹಲವರು ಕನ್ನಡವನ್ನು ಸರಾಗವಾಗಿ ಆಡುತ್ತಾರೆ, ಲಿಪಿಯನ್ನು ಮಾತ್ರ ಓದಲಾರರು. ಹಾಗಾಗಿ 'ಕನ್ನಡ ಆಯ್ಕೆ ಕೊಟ್ಟಿದ್ದೇವೆ' ಎಂಬುದರಿಂದ ಕೆಲಸ ಮುಗಿಯುವುದಿಲ್ಲ. ಪ್ರಶ್ನಾವಳಿ ಓದನ್ನು ಬೇಡುತ್ತದೆ. ಸಂದರ್ಶನ ಮಾತನ್ನು ಬೇಡುತ್ತದೆ. ಮಾತು ಒಂದು ಭಾಷೆಯಲ್ಲಿ, ಓದು ಇನ್ನೊಂದರಲ್ಲಿ ಇರುವ ಸಮುದಾಯದಲ್ಲಿ ವಿಧಾನದ ಆಯ್ಕೆಯೆಂದರೆ ಯಾರ ದನಿ ಕೇಳಿಸಬೇಕು ಎಂಬುದರ ಆಯ್ಕೆಯೂ ಹೌದು. ಸಂದರ್ಶನ ನಡೆಸುವವರಿಗೆ ತುಳು ಬಂದರೆ ಒಳ್ಳೆಯದು; ಬಾರದಿದ್ದರೆ ದುಭಾಷಿಯನ್ನು ಕೂರಿಸಿಕೊಳ್ಳುವುದಕ್ಕಿಂತ, ತಂಡದೊಳಗೆ ತುಳು ಬಲ್ಲ ಗುಮಾಸ್ತರೊಬ್ಬರಿಗೆ ತರಬೇತಿ ಕೊಟ್ಟು ಅವರಿಂದಲೇ ನಡೆಸುವುದು ಮೇಲೆಂದು ನನ್ನ ಅನಿಸಿಕೆ. ದುಭಾಷಿ ಉತ್ತರವನ್ನು ಓರಣಗೊಳಿಸಿ ಹೇಳುತ್ತಾರೆ. ನಮಗೆ ಬೇಕಾದುದು ಓರಣವಿಲ್ಲದ ಮಾತು.

ಇನ್ನೊಂದು ತೊಡಕು ಮರ್ಯಾದೆಯದು. 'ಹೇಗಿದೆ?' ಎಂದು ಕೇಳಿದರೆ ನಮ್ಮವರು 'ಚೆನ್ನಾಗಿದೆ, ನೀವು ಕಷ್ಟಪಟ್ಟು ಮಾಡಿದ್ದೀರಿ' ಎನ್ನುತ್ತಾರೆ. ಇದು ಭಾರತದ ಸಂಶೋಧಕರಿಗೆಲ್ಲ ಗೊತ್ತಿರುವ ಸಮಸ್ಯೆ. ಇದಕ್ಕೊಂದು ಸೊಗಸಾದ ಉಪಾಯ ಹುಟ್ಟಿದ್ದು ಮುಂಬೈಯಲ್ಲಿ ಕೆಲಸ ಮಾಡಿದ ಅಪಲಾ ಲಾಹಿರಿ ಚವಾಣ್ ಅವರಿಂದ. 'ಬಾಲಿವುಡ್ ವಿಧಾನ' ಎಂದು ಹೆಸರಾದ ಆ ಪದ್ಧತಿಯಲ್ಲಿ ಬಳಕೆದಾರರಿಗೆ ಒಣ ಕೆಲಸವೊಂದನ್ನು ಕೊಡುವ ಬದಲು ಸಿನಿಮಾದಂಥ ಸನ್ನಿವೇಶವೊಂದನ್ನು ಹೇಳುತ್ತಾರೆ: ಮನೆಯ ಹುಡುಗಿಗೆ ನಿಶ್ಚಯವಾದ ವರ ಭೂಗತ ಲೋಕದವನೆಂದೂ ಅವನಿಗೆ ಆಗಲೇ ಮದುವೆಯಾಗಿದೆಯೆಂದೂ ಗೊತ್ತಾಗಿದೆ, ಮದುವೆ ತಪ್ಪಿಸಲು ಕೂಡಲೇ ಟಿಕೆಟ್ ತೆಗೆಯಬೇಕು. ಪಾತ್ರದೊಳಗೆ ಇಳಿದವರು ಸಂಕೋಚ ಬಿಟ್ಟು, ಟಿಕೆಟ್ ಸಿಗದಿದ್ದಾಗ ಜಾಲತಾಣವನ್ನು ಬಾಯ್ತುಂಬ ಬಯ್ಯತೊಡಗುತ್ತಾರೆ. ಸಾಲದ ಆ್ಯಪಿಗೆ ಇಷ್ಟು ನಾಟಕ ಬೇಕಿಲ್ಲ. 'ನಿಮ್ಮ ತಂಗಿಗೆ ಊರಿನಿಂದ ಫೋನು ಬಂದಿದೆ, ನಾಳೆಯೊಳಗೆ ಆಸ್ಪತ್ರೆಗೆ ಹಣ ಕಟ್ಟಬೇಕು, ಅವಳ ಬದಲು ನೀವು ಅರ್ಜಿ ತುಂಬಿ' ಎಂದರೆ ಸಾಕು. ದೂರುವುದು ತನಗಾಗಿ ಅಲ್ಲ, ತಂಗಿಗಾಗಿ ಎಂದಾದಾಗ ನಾಲಗೆ ಸಡಿಲವಾಗುತ್ತದೆ.

ದೂರದಿಂದ ನಡೆಸುವ ಪರೀಕ್ಷೆ

ವಿಡಿಯೋ ಕರೆಯಲ್ಲಿ ಸ್ಕ್ರೀನ್ ಹಂಚಿಕೊಂಡು ನಡೆಸುವ ಪರೀಕ್ಷೆ ಕೋವಿಡ್ ಕಾಲದಲ್ಲಿ ಬೇರೂರಿತು. ಪುಣೆಯಲ್ಲಿ ಕೂತ ವಿನ್ಯಾಸಕರು ವಿರಾರಿನ ಸದಸ್ಯರನ್ನು ನೋಡಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಮೊಬೈಲಿನಲ್ಲಿ ಸ್ಕ್ರೀನ್ ಹಂಚಿಕೊಳ್ಳಲು ಬಲ್ಲವರು ಆ್ಯಪನ್ನು ಬಳಸಲೂ ಬಲ್ಲವರೇ ಆಗಿರುತ್ತಾರೆ. ಆದ್ದರಿಂದ ಪರೀಕ್ಷೆಯ ಬಾಗಿಲಲ್ಲೇ ತೊಡಕಿರುವವರು ಸೋಸಿಹೋಗುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಸದಸ್ಯರ ಗುಂಪಿಗೆ ಈ ವಿಧಾನ ಸಾಕು, ಹಿರಿಯರಿಗೆ ಬೇಡ. ಯಾರೂ ಎದುರಿಗಿಲ್ಲದೆ, ಬಳಕೆದಾರರೇ ಕೆಲಸ ಮಾಡಿ ರೆಕಾರ್ಡ್ ಕಳುಹಿಸುವ ಸೇವೆಗಳೂ ಇವೆ. ಅವು ಇನ್ನೂ ಅಗ್ಗ, ಇನ್ನೂ ವೇಗ, ಆದರೆ 'ಈಗೇಕೆ ನಿಂತಿರಿ?' ಎಂದು ಕೇಳುವವರಿಲ್ಲ. ಅಲ್ಲಿ ಹಣಕ್ಕಾಗಿ ಪರೀಕ್ಷೆಗಳನ್ನು ಮೇಲಿಂದ ಮೇಲೆ ಮುಗಿಸುವ ಅಭ್ಯಸ್ತರೂ ಸಿಗುತ್ತಾರೆಂಬುದನ್ನು ಮರೆಯಬಾರದು.

ಒಂದೇ ದಿನದಲ್ಲಿ ಮುಗಿಯದ ವ್ಯವಹಾರಗಳಿಗೆ, ಉದಾಹರಣೆಗೆ ಸಾಲ ಮಂಜೂರಾಗಿ ಕಂತು ಕಟ್ಟುವವರೆಗಿನ ಅನುಭವಕ್ಕೆ, ಬಳಕೆದಾರರೇ ತಮ್ಮ ಅನುಭವವನ್ನು ಆಗಾಗ ದಾಖಲಿಸಿ ಕಳುಹಿಸುವ ದಿನಚರಿ ವಿಧಾನ ಒಪ್ಪುತ್ತದೆ. ಇದನ್ನು ವಾಟ್ಸ್‌ಆ್ಯಪಿನ ಧ್ವನಿ ಸಂದೇಶದಲ್ಲಿ ನಡೆಸಿದರೆ ಬರೆಯಲಾಗದವರೂ ಯಾವ ಭಾಷೆಯಲ್ಲಾದರೂ ಮಾತಾಡಿ ಕಳುಹಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ನಗರದಲ್ಲಿ ಇರಬೇಕಾದಷ್ಟು ಬಳಕೆಯಲ್ಲಿ ಇಲ್ಲದ ವಿಧಾನ ಇದು.

ಸಮೀಕ್ಷೆ, ಅಂಕಿಅಂಶ ಮತ್ತು ಎ/ಬಿ ಪರೀಕ್ಷೆ

ಆಡಳಿತ ಮಂಡಳಿಗಳಿಗೆ ಸಮೀಕ್ಷೆ ಇಷ್ಟ. ಕೊನೆಗೆ ಶೇಕಡಾವಾರು ಸಂಖ್ಯೆಯೊಂದು ಸಿಗುತ್ತದೆ, ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಯಾದೃಚ್ಛಿಕವಾಗಿ ಆರಿಸಿದ ಸುಮಾರು 385 ಮಂದಿಯ ಉತ್ತರಗಳಿದ್ದರೆ, ಶೇ. 95ರ ವಿಶ್ವಾಸದಲ್ಲಿ, ಐದು ಶೇಕಡಾಂಶ ಅತ್ತಿತ್ತ ಎನ್ನುವಷ್ಟು ನಿಖರತೆ ಬರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಪ್ರಸಿದ್ಧ ಲೆಕ್ಕ. ಆದರೆ ಆ ಲೆಕ್ಕದ ಜೀವ ಇರುವುದು 'ಯಾದೃಚ್ಛಿಕ' ಎಂಬಲ್ಲಿ. ಸಂಘದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದ ಲಿಂಕಿಗೆ ಉತ್ತರಿಸುವವರು ಪುರುಸೊತ್ತಿರುವವರು, ಪದಾಧಿಕಾರಿಗಳಿಗೆ ಹತ್ತಿರದವರು, ಲಿಂಕ್ ಒತ್ತಲು ಹೆದರದವರು. ಅಂಥ ಐನೂರು ಉತ್ತರಗಳು ಬಂದರೂ ಅವು ಆ ಐನೂರು ಮಂದಿಯ ಅಭಿಪ್ರಾಯವೇ ಹೊರತು ಸದಸ್ಯರ ಅಭಿಪ್ರಾಯವಲ್ಲ.

ಸಮೀಕ್ಷೆ ಮಾಡಲೇಬೇಕೆಂದಿದ್ದರೆ ಹೊಸ ಪ್ರಶ್ನೆಗಳನ್ನು ಹೆಣೆಯುವ ಬದಲು ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಮಾಪನವನ್ನು ಬಳಸುವುದು ಜಾಣತನ. ಜಾನ್ ಬ್ರೂಕ್ ಅವರು 1986ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ ರೂಪಿಸಿದ ಇದರಲ್ಲಿ ಹತ್ತೇ ಹೇಳಿಕೆಗಳಿವೆ, ಫಲಿತಾಂಶ 0ಯಿಂದ 100ರವರೆಗಿನ ಅಂಕ, ಹಲವಾರು ಅಧ್ಯಯನಗಳ ಸರಾಸರಿ 68. ಆ ಅಂಕ ಶೇಕಡಾವಾರು ಅಲ್ಲ. 68 ಬಂದರೆ ಫಸ್ಟ್ ಕ್ಲಾಸ್ ಎಂದು ಸಂಭ್ರಮಿಸುವಂತಿಲ್ಲ, ಅದು ನಡುಮಟ್ಟ. ಇದರಲ್ಲಿ ಒಂದು ಹೇಳಿಕೆ ಹೊಗಳಿಕೆಯಾದರೆ ಮುಂದಿನದು ತೆಗಳಿಕೆ, ಹೀಗೆ ಒಂದು ಬಿಟ್ಟು ಒಂದು ಬರುತ್ತದೆ. ಕನ್ನಡಕ್ಕೆ ತರುವಾಗ ತೆಗಳಿಕೆಯ ಹೇಳಿಕೆಯನ್ನು 'ಅಲ್ಲ', 'ಇಲ್ಲ'ಗಳಿಂದ ತುಂಬಿದರೆ ಒಪ್ಪುತ್ತೇನೋ ಒಪ್ಪುವುದಿಲ್ಲವೋ ಎಂದು ಓದುವವರು ಗೊಂದಲಕ್ಕೆ ಬೀಳುತ್ತಾರೆ; 'ಬಳಸುವುದು ತೊಡಕೆನಿಸಿತು' ಎಂದು ನೇರವಾಗಿ ಬರೆಯುವುದೇ ಸರಿ.

ಒಂದೇ ಪುಟದ ಎರಡು ರೂಪಗಳನ್ನು ಬೇರೆಬೇರೆ ಬಳಕೆದಾರರಿಗೆ ತೋರಿಸಿ ಹೋಲಿಸುವ ಎ/ಬಿ ಪರೀಕ್ಷೆಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಅರ್ಜಿ ಪೂರ್ಣಗೊಳಿಸುವವರ ಪ್ರಮಾಣ ಶೇ. 10ರಿಂದ 12ಕ್ಕೆ ಏರಿತೇ ಎಂಬುದನ್ನು ಶೇ. 95ರ ವಿಶ್ವಾಸ, ಶೇ. 80ರ ಸಾಮರ್ಥ್ಯದೊಡನೆ (ಏರಿಕೆ ನಿಜವಾಗಿದ್ದರೆ ಅದನ್ನು ಹಿಡಿಯುವ ಸಾಧ್ಯತೆ) ತಿಳಿಯಬೇಕಾದರೆ ಒಂದೊಂದು ರೂಪಕ್ಕೂ ಸುಮಾರು 3,800 ಮಂದಿ ಬೇಕು. ವರ್ಷಕ್ಕೆ ಅಷ್ಟು ಸಾಲದ ಅರ್ಜಿಗಳೇ ಬಾರದ ಸಂಘಕ್ಕೆ ಇದು ಹೇಳಿಸಿದ್ದಲ್ಲ. ದೊಡ್ಡ ಇ–ಕಾಮರ್ಸ್ ಕಂಪನಿಗಳನ್ನು ನೋಡಿ ಅನುಕರಿಸಬೇಕಾಗಿಯೂ ಇಲ್ಲ. ಅಂಕಿಅಂಶವನ್ನು ಮಾತ್ರ ಬಿಡಬಾರದು, ಅದು ಹೇಗೂ ಬಿಟ್ಟಿಯಾಗಿ ಸಿಗುತ್ತದೆ. ಯಾವ ಪುಟದಲ್ಲಿ ಜನ ನಿಲ್ಲುತ್ತಾರೆ ಎಂದು ಅದು ತೋರಿಸಿದರೆ, ಪಕ್ಕ ಕೂರುವ ದಿನ ಯಾವ ಪುಟವನ್ನು ಕಣ್ಣಿಟ್ಟು ನೋಡಬೇಕೆಂಬುದು ಮೊದಲೇ ಗೊತ್ತಿರುತ್ತದೆ.

ಪರಿಣತರ ಪರಿಶೀಲನೆ

ಬಳಕೆದಾರರನ್ನು ಕರೆಯುವ ಮುಂಚೆ ವಿನ್ಯಾಸ ಬಲ್ಲವರು ನಿಯಮಗಳ ಪಟ್ಟಿ ಹಿಡಿದು ಆ್ಯಪನ್ನು ಜಾಲಾಡುವ ವಿಧಾನವನ್ನು ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ 1990ರಲ್ಲಿ ಮುಂದಿಟ್ಟರು. ಒಬ್ಬ ಪರಿಣತನಿಗೆ ಒಟ್ಟು ತೊಡಕುಗಳಲ್ಲಿ ಸರಾಸರಿ ಶೇ. 35 ಮಾತ್ರ ಕಾಣುತ್ತವೆ ಎಂದು ನೀಲ್ಸನ್ ಅವರೇ ಹೇಳಿದ್ದಾರೆ. ಆದ್ದರಿಂದ ಮೂವರಿಂದ ಐವರು ಬೇರೆಬೇರೆಯಾಗಿ ನೋಡಿ ಆಮೇಲೆ ಪಟ್ಟಿಗಳನ್ನು ಕೂಡಿಸಬೇಕು. ಒಬ್ಬರಿಗೇ ಶುಲ್ಕ ಕೊಟ್ಟು ದಪ್ಪ ವರದಿ ಬರೆಸುವುದಕ್ಕಿಂತ ಇದು ಮೇಲು. ಈ ವಿಧಾನದಿಂದ ಸಿಗುವುದು ಎಲ್ಲರ ಕಣ್ಣಿಗೂ ಬೀಳಬೇಕಾಗಿದ್ದ ತಪ್ಪುಗಳು. ಕನ್ನಡದ ಪುಟಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ತಕ್ಕಂತೆ ಇಟ್ಟು, ಗುಂಡಿಯ ಮೇಲಿನ ಪದದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುವುದು, ಇಂಗ್ಲಿಷಿನ ಗಿಡ್ಡ ಪದಕ್ಕೆ ಹೊಂದಿಸಿದ ಜಾಗದಲ್ಲಿ ಕನ್ನಡದ ಉದ್ದ ಪದ ಮುರಿದು ಎರಡು ಸಾಲಾಗುವುದು, ಇಂಥವುಗಳಿಗೆ ಸದಸ್ಯರ ಸಮಯ ವ್ಯರ್ಥ ಮಾಡಬೇಕಾಗಿಲ್ಲ.

ಅಂಗವಿಕಲರಿಗೆ ಎಟುಕುವ ವಿನ್ಯಾಸದ ಪ್ರಶ್ನೆಯಲ್ಲಿ ಪಟ್ಟಿ ಹಿಡಿದು ನೋಡುವುದು ಆರಂಭ ಮಾತ್ರ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ರೂಪಿಸಿದ, 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ, ಒತ್ತುವ ಗುಂಡಿಯ ಕನಿಷ್ಠ ಗಾತ್ರವನ್ನು ಕೆಲವು ವಿನಾಯಿತಿಗಳೊಡನೆ 24 ಪಿಕ್ಸೆಲ್ ಉದ್ದಗಲವೆಂದು ನಿಗದಿಪಡಿಸಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕೆಂಬುದು ಹಳೆಯ ನಿಯಮ. ಇವನ್ನು ಅಳೆಯಬಹುದು. ಆದರೆ ಕೆವೈಸಿಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತಾನು ಜೀವಂತ ವ್ಯಕ್ತಿಯೆಂದು ತೋರಿಸುವ ಹಂತವನ್ನು ಇಟ್ಟವರಿಗೆ, ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಮಿಟುಕಿಸಲಾರರು ಎಂಬುದು ಹೊಳೆದಿರಲಿಲ್ಲ. ಅಂಥ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕೆವೈಸಿಯನ್ನು ಸುಧಾರಿಸಲು ನಿರ್ದೇಶನಗಳನ್ನು ಕೊಟ್ಟಿತು. ಸಾಲದ ಆ್ಯಪ್ ಮಾಡುವ ಯಾವ ಸಂಸ್ಥೆಯೂ ಇದನ್ನು ಬದಿಗಿಡುವಂತಿಲ್ಲ. ದೃಷ್ಟಿದೋಷವುಳ್ಳ ಬಳಕೆದಾರರು ಎಲ್ಲಿ ಸಿಗುತ್ತಾರೆ ಎಂಬ ನೆಪಕ್ಕೂ ಮುಂಬೈಯಲ್ಲಿ ಜಾಗವಿಲ್ಲ. ವರ್ಲಿಯಲ್ಲಿ ರಾಷ್ಟ್ರೀಯ ಅಂಧರ ಸಂಘವಿದೆ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿ ಸವಾಲುಳ್ಳವರಿಗಾಗಿಯೇ ಸಂಪನ್ಮೂಲ ಕೇಂದ್ರವಿದೆ. ಅವರಲ್ಲಿ ಒಬ್ಬರಿಬ್ಬರನ್ನು ಗೌರವಧನ ಕೊಟ್ಟು ಕರೆದು, ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಮಾಡಿ ಆ್ಯಪನ್ನು ಬಳಸಲು ಕೇಳಿದರೆ, ಹೆಸರಿಲ್ಲದ ಗುಂಡಿಗಳೆಷ್ಟಿವೆ ಎಂಬುದು ಕೆಲವೇ ನಿಮಿಷಗಳಲ್ಲಿ ಬಯಲಾಗುತ್ತದೆ.

ಎಐ ಎಲ್ಲಿ ಬೇಕು, ಎಲ್ಲಿ ಬೇಡ

ಸಂಶೋಧನೆಯ ಹಣ ಉಳಿಸಲು ಎಐ ಇದೆಯಲ್ಲ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಎರಡು ಬಗೆಯ ಬಳಕೆಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಸಂದರ್ಶನಗಳ ಧ್ವನಿಮುದ್ರಣವನ್ನು ಬರಹಕ್ಕಿಳಿಸುವುದು, ಟಿಪ್ಪಣಿಗಳನ್ನು ವಿಂಗಡಿಸುವುದು. ಇದರಿಂದ ಸಮಯ ನಿಜವಾಗಿಯೂ ಉಳಿಯುತ್ತದೆ. ಆದರೆ ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಹಿಂದಿ ಸೇರಿಹೋಗುವ ಮುಂಬೈಯ ಮಾತನ್ನು ಯಂತ್ರ ತಪ್ಪಾಗಿ ಬರೆದುಕೊಳ್ಳುವ ಅಪಾಯ ಹೆಚ್ಚು, ಮತ್ತು ತಪ್ಪು ಬರಹದ ಮೇಲೆ ಅದು ಬರೆಯುವ ಸಾರಾಂಶ ಮಾತ್ರ ಎಲ್ಲೂ ಎಡವದಂತೆ ನಯವಾಗಿರುತ್ತದೆ. ಮುದ್ರಣವನ್ನು ಸಂದರ್ಶನ ನಡೆಸಿದವರೇ ಒಮ್ಮೆ ಕೇಳಿ ಬರಹವನ್ನು ತಿದ್ದಬೇಕು ಎಂಬುದರಲ್ಲಿ ರಿಯಾಯಿತಿ ಇರಬಾರದು.

ಎರಡನೆಯದು ಬಳಕೆದಾರರ ಬದಲಿಗೆ ಎಐಯನ್ನೇ ಬಳಕೆದಾರನಂತೆ ಮಾತಾಡಿಸುವುದು: 'ನೀನು 62 ವರ್ಷದ ನಿವೃತ್ತ ಹೋಟೆಲ್ ಕ್ಯಾಷಿಯರ್, ಈ ಅರ್ಜಿಯ ಬಗ್ಗೆ ಏನನ್ನುತ್ತೀಯ?' ಎಂದು ಕೇಳಿ ಉತ್ತರಗಳನ್ನು ಒಟ್ಟುಗೂಡಿಸುವುದು. ಇದನ್ನು ಸಂಶೋಧನೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಈ ಮಾದರಿಗಳು ಕಲಿತದ್ದು ಬರೆದಿಟ್ಟ ಪಠ್ಯದಿಂದ. ತನ್ನ ಪರದಾಟವನ್ನು ಎಲ್ಲಿಯೂ ಬರೆಯದ ಕ್ಯಾಷಿಯರ್ ಆ ಪಠ್ಯದಲ್ಲಿ ಇಲ್ಲ. ಒಟಿಪಿ ಮಗನ ಫೋನಿಗೆ ಹೋಗುತ್ತದೆಂಬುದನ್ನು ಅದು ಊಹಿಸಿ ಹೇಳಬಹುದು, ಆದರೆ ನಮ್ಮ ಸದಸ್ಯರಲ್ಲಿ ಅದು ನಡೆಯುತ್ತಿದೆಯೇ ಇಲ್ಲವೇ ಎಂದು ತಿಳಿಸಲಾರದು. ನಿಜವಾದ ಸಂದರ್ಶನಕ್ಕೆ ಹೊರಡುವ ಮುನ್ನ ನಮ್ಮ ಪ್ರಶ್ನೆಗಳು ಉತ್ತರವನ್ನು ಬಾಯಿಗಿಡುವಂತಿವೆಯೇ ಎಂದು ಒರೆಗೆ ಹಚ್ಚಲು, ಪ್ರೋಟೋಟೈಪಿಗೆ (ಕಚ್ಚಾ ಮಾದರಿಗೆ) ಬೇಕಾದ ಸುಳ್ಳು ಹೆಸರು–ಮೊತ್ತಗಳನ್ನು ತುಂಬಲು ಅದನ್ನು ಬಳಸಿಕೊಳ್ಳಲಿ, ಅದಕ್ಕಿಂತ ಮುಂದೆ ಹೋಗುವುದು ಬೇಡ.

ಒಪ್ಪಿಗೆಯ ಕಾಗದ

ಯಾವ ವಿಧಾನ ಆರಿಸಿದರೂ ಸದಸ್ಯರ ದನಿ, ಮುಖ, ಖಾತೆಯ ವಿವರ ನಮ್ಮ ಕೈಗೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡ, ಮರಾಠಿ, ಕೊಂಕಣಿ ಆ ಅನುಸೂಚಿಯಲ್ಲಿವೆ, ತುಳು ಇಲ್ಲ. ಹಾಗೆಂದು ತುಳು ಮಾತಿನ ಸದಸ್ಯರಿಗೆ ಕಾಗದ ಕೊಟ್ಟು ಸಹಿ ಪಡೆದರೆ ಸಾಲದು. ಅದರಲ್ಲಿರುವುದನ್ನು ಅವರ ಮಾತಿನಲ್ಲಿ ಹೇಳಿ, ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ತಿಳಿಸಿದ ಮೇಲೆಯೇ ಧ್ವನಿಮುದ್ರಣ ಆರಂಭಿಸಬೇಕು. ವಿದ್ಯಾರ್ಥಿವೇತನದ ಆ್ಯಪ್ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಈ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಬೇಕು.

ಹಣಕ್ಕೆ ತಕ್ಕ ಆಯ್ಕೆ

ಒಂದು ವಾರ, ಒಬ್ಬ ವಿನ್ಯಾಸಕ, ಪ್ರಯಾಣದ ಖರ್ಚು ಇಷ್ಟೇ ಇದ್ದರೆ, ಅಂಕಿಅಂಶದಿಂದ ಒಂದು ಪುಟವನ್ನು ಗುರುತಿಸಿ, ಅತಿ ಹೆಚ್ಚು ಕೈಬಿಡುವ ಗುಂಪಿನ ಐವರ ಬಳಿ ಹೋಗಿ ಕೂರಬೇಕು, ಉಳಿದೆಲ್ಲವನ್ನೂ ಬಿಡಬಹುದು. ಇನ್ನಷ್ಟು ಅನುಕೂಲವಿದ್ದರೆ ಅದಕ್ಕೂ ಮೊದಲು ಮೂವರಿಂದ ಪರಿಣತರ ಪರಿಶೀಲನೆ ಮಾಡಿಸಿ, ಕಂಡ ತಪ್ಪುಗಳನ್ನು ತಿದ್ದಿಕೊಂಡು ಹೋಗಬೇಕು. ತಿದ್ದಿದ ಮೇಲೆ ಅದೇ ಗುಂಪಿನ ಬೇರೆ ಐವರ ಬಳಿ ಮತ್ತೆ ಕೂರುವುದು, ಮೊದಲ ಸಲವೇ ಹತ್ತು ಮಂದಿಯನ್ನು ನೋಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಸಮೀಕ್ಷೆಯ ಸರದಿ ಎಲ್ಲಕ್ಕಿಂತ ಕೊನೆಗೆ, ಏನನ್ನು ಕೇಳಬೇಕೆಂದು ಗೊತ್ತಾದ ಬಳಿಕ. ಹೊರಗಿನ ಏಜೆನ್ಸಿಗೆ ವಹಿಸುವುದಾದರೆ ವರದಿಯನ್ನಷ್ಟೇ ಕೇಳದೆ, ಅವರು ಹೋಗುವಲ್ಲಿಗೆ ಸಂಘದ ಒಬ್ಬರೂ ಜೊತೆಗೆ ಹೋಗುವಂತೆ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಪೊವಾಯಿಯ ಐಐಟಿಯಲ್ಲಿ 1969ರಲ್ಲಿ ಆರಂಭವಾದ ಐಡಿಸಿಯಂಥ ವಿನ್ಯಾಸ ಶಾಲೆಗಳ ವಿದ್ಯಾರ್ಥಿಗಳು ನಿಜವಾದ ಸಮಸ್ಯೆಗಳನ್ನು ಹುಡುಕುತ್ತಿರುತ್ತಾರೆ. ಅವರ ಅವಧಿಗೆ ನಮ್ಮ ಅವಸರ ಹೊಂದಿದರೆ ಅದೂ ಒಂದು ದಾರಿ.

ಹೋಟೆಲ್ ಕಾರ್ಮಿಕರನ್ನು ಕಾಣುವುದಕ್ಕೆ ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಆರಂಭವಾಗುವ ನಡುವಿನ ಬಿಡುವೇ ಸರಿಯಾದ ಹೊತ್ತು. ಅದು ಅವರು ಮಲಗುವ ಹೊತ್ತೂ ಆಗಿರುವುದರಿಂದ ಅರ್ಧ ಗಂಟೆಗಿಂತ ಹೆಚ್ಚು ಕೇಳಬಾರದು, ಕೇಳಿದ ಸಮಯಕ್ಕೆ ಗೌರವಧನ ಕೊಡಬೇಕು, ಅದನ್ನು ಮಾಲೀಕರ ಕೈಯಲ್ಲಿ ಕೊಡದೆ ಅವರ ಕೈಗೇ ಕೊಡಬೇಕು. ಮಾಲೀಕರು ಕೌಂಟರಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವಾಗ ಸಾಲದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಹೋಟೆಲಿನೊಳಗೆ ಇಟ್ಟುಕೊಳ್ಳದೆ, ಹತ್ತಿರದ ಸಂಘದ ಕೋಣೆಯಲ್ಲೋ ಅವರು ತಂಗುವ ಖೋಲಿಯಲ್ಲೋ, ಅವರು ಹೇಳಿದ ಜಾಗದಲ್ಲಿ ಇಟ್ಟುಕೊಳ್ಳಬೇಕು.